ಕೋಶದ ಹೊರಗಿನ ಆ ದಾರ

ಕೇಳುಗರಿಗೆಲ್ಲ ನಮಸ್ಕಾರ.

ಶಾಲೆಯ ವಿಜ್ಞಾನ ಮೇಳಕ್ಕೆ ಹೋದರೆ ಒಂದು ಮೇಜಿನ ಮೇಲಾದರೂ ಪ್ರಾಣಿಕೋಶದ ಮಾದರಿ ಇದ್ದೇ ಇರುತ್ತದೆ. ಥರ್ಮಕೋಲ್ ಹಲಗೆ, ನಡುವೆ ಅರ್ಧ ಚೆಂಡು. ಅದು ಕೋಶಕೇಂದ್ರ. ಅಲ್ಲಲ್ಲಿ ಜೇಡಿಮಣ್ಣಿನ ಪುಟ್ಟ ಉಂಡೆಗಳು. ಅವು ಮೈಟೊಕಾಂಡ್ರಿಯ. ಸುತ್ತಲೂ ಉಲ್ಲನ್ ದಾರ. ಅದು ಕೋಶಪೊರೆ. ಒಳಗಿರುವುದನ್ನೆಲ್ಲ ಮಕ್ಕಳು ಪಟಪಟ ಹೇಳುತ್ತಾರೆ. ದಾರದ ಬಗ್ಗೆ ಕೇಳಿದರೆ ಮಾತ್ರ, "ಅದು ಹೊರಗಿರೋದು ಸಾರ್" ಅಂತ ಮುಗಿಸಿಬಿಡುತ್ತಾರೆ.

ಇವತ್ತಿನ ಮಾತು ಆ ದಾರದ್ದೇ.

ನಿಜವಾದ ಪೊರೆಯ ದಪ್ಪ ಹತ್ತು ನ್ಯಾನೊಮೀಟರಿಗಿಂತ ಕಡಿಮೆ. ಒಂದರ ಮೇಲೊಂದು ಒಂದು ಲಕ್ಷ ಪೊರೆ ಪೇರಿಸಿದರೂ ಒಂದು ಮಿಲಿಮೀಟರ್ ಆಗುವುದಿಲ್ಲ. ಕಣ್ಣಿಗೇ ಕಾಣದ್ದರ ಚಿತ್ರ ಬರೆಯುವುದು ಹೇಗೆ ಹೇಳಿ?

1925ರಲ್ಲಿ ನೆದರ್ಲೆಂಡ್ಸಿನ ಲೈಡನ್ ಊರಿನಲ್ಲಿ ಗೋರ್ಟರ್ ಎಂಬ ಮಕ್ಕಳ ವೈದ್ಯರು ಗ್ರೆಂಡೆಲ್ ಎಂಬ ಸಹಸಂಶೋಧಕರ ಜೊತೆ ಸೇರಿ ಇದಕ್ಕೊಂದು ದಾರಿ ಹುಡುಕಿದರು. ಅವರು ಆರಿಸಿಕೊಂಡದ್ದು ಕೆಂಪು ರಕ್ತಕಣ. ಜಾಣತನ ಇದ್ದದ್ದು ಆ ಆಯ್ಕೆಯಲ್ಲೇ. ನಮ್ಮ ಕೆಂಪು ಕಣದಲ್ಲಿ ಕೋಶಕೇಂದ್ರವೂ ಇಲ್ಲ, ಮೈಟೊಕಾಂಡ್ರಿಯವೂ ಇಲ್ಲ. ಪೊರೆಯಲ್ಲಿ ಕೊಬ್ಬಿರುತ್ತದೆ, ಒಳಗೆ ಬೇರೆ ಪೊರೆಗಳಿಲ್ಲ. ಹಾಗಾಗಿ ಕಣದಿಂದ ತೆಗೆದ ಕೊಬ್ಬು ಹೊರಪೊರೆಯದ್ದೇ ಆಗಿರಬೇಕು.

ಕೊಬ್ಬು ಕರಗಿಸುವ ಅಸಿಟೋನ್ ಎಂಬ ದ್ರವ ಹಾಕಿ ಆ ಕೊಬ್ಬನ್ನು ತೆಗೆದರು. ನೀರಿನ ಮೇಲೆ ಬಿಟ್ಟರು. ಸಾರಿನ ಮೇಲೆ ಒಗ್ಗರಣೆ ಎಣ್ಣೆ ಬಿಲ್ಲೆ ಬಿಲ್ಲೆಯಾಗಿ ತೇಲುತ್ತದಲ್ಲ, ಈ ಕೊಬ್ಬು ಹಾಗೆ ನಿಲ್ಲುವುದಿಲ್ಲ. ಇದರ ಅಣುವಿನ ತಲೆಗೆ ನೀರು ಇಷ್ಟ, ಬಾಲಕ್ಕೆ ಆಗದು. ತಲೆ ಕೆಳಗೆ, ಬಾಲ ಮೇಲೆ ಮಾಡಿಕೊಂಡು, ಒಂದೇ ಅಣುವಿನ ದಪ್ಪಕ್ಕೆ ಹರಡಿಕೊಳ್ಳುತ್ತದೆ. ಅದು ಎಷ್ಟು ಜಾಗ ಹಿಡಿಯಿತು ಅಂತ ಅಳೆದರು. ರಕ್ತಕಣಗಳ ಹೊರಮೈ ಎಷ್ಟಿತ್ತೋ ಅದರ ಸುಮಾರು ಎರಡರಷ್ಟು!

ಅಂದರೆ ಪೊರೆ ಎರಡು ಪದರದ್ದು. ಬಾಲಗಳು ಒಳಗೆ ಎದುರುಬದುರು, ತಲೆಗಳು ಎರಡೂ ಕಡೆಯ ನೀರಿಗೆ ಮುಖ ಮಾಡಿ.

ತಮಾಷೆ ಕೇಳಿ. ಅಸಿಟೋನ್ ಕೊಬ್ಬನ್ನೆಲ್ಲ ಹೊರತೆಗೆದಿರಲಿಲ್ಲ. ಇವರು ಅಳೆದದ್ದು ಒಣಗಿಸಿದ ಕಣಗಳನ್ನು, ಹಾಗಾಗಿ ಹೊರಮೈ ಲೆಕ್ಕವೂ ಕಡಿಮೆ ಬಂದಿತ್ತು. ಎರಡು ತಪ್ಪುಗಳು ಒಂದನ್ನೊಂದು ಹೊಡೆದುಹಾಕಿ ಉತ್ತರ ಸರಿಯಾಯಿತು. ಲೆಕ್ಕದ ಮೇಷ್ಟ್ರಾಗಿದ್ದರೆ ಅಂಕ ಕೊಡುತ್ತಿರಲಿಲ್ಲ, ಅಲ್ವಾ?

1935ರಲ್ಲಿ ಡಾವ್ಸನ್ ಮತ್ತು ಡ್ಯಾನಿಯೆಲಿ ಎಂಬ ವಿಜ್ಞಾನಿಗಳು ತಾವು ಊಹಿಸಿದ ಚಿತ್ರದಲ್ಲಿ ಈ ಕೊಬ್ಬಿನ ಎರಡೂ ಬದಿಗೆ ಪ್ರೋಟೀನ್ ಲೇಪ ಬಳಿದರು. ಬ್ರೆಡ್ಡಿನ ನಡುವೆ ಬೆಣ್ಣೆ ಇದ್ದ ಹಾಗೆ. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಎರಡು ಕಪ್ಪು ಗೆರೆ, ನಡುವೆ ಒಂದು ಬಿಳಿ ಗೆರೆ ಕಂಡಾಗ, ಇಗೋ ನಮ್ಮ ಬ್ರೆಡ್ಡು ಅಂದುಕೊಂಡವರೇ ಜಾಸ್ತಿ. ಬೇಕಾದದ್ದೇ ಕಣ್ಣಿಗೆ ಬಿದ್ದರೆ ಮತ್ತೆ ಪ್ರಶ್ನೆ ಕೇಳುವವರು ಕಡಿಮೆ.

1970ರಲ್ಲಿ ಅಮೆರಿಕದಲ್ಲಿ ಫ್ರೈ ಮತ್ತು ಎಡಿಡಿನ್ ಒಂದು ಇಲಿಯ ಕೋಶವನ್ನೂ ಒಂದು ಮನುಷ್ಯ ಕೋಶವನ್ನೂ ಬೆಸೆದು ಒಂದು ಮಾಡಿದರು. ಇಲಿಯ ಪ್ರೋಟೀನಿಗೆ ಹಸಿರು ಹೊಳಪು, ಮನುಷ್ಯನದಕ್ಕೆ ಕೆಂಪು. ಮೊದಲು ಅರ್ಧ ಹಸಿರು, ಅರ್ಧ ಕೆಂಪು. ನಮ್ಮ ಮೈಬಿಸಿಯಷ್ಟು ಶಾಖದಲ್ಲಿ ನಲವತ್ತು ನಿಮಿಷ ಇಟ್ಟರು. ಬಣ್ಣಗಳು ಪೂರ್ತಿ ಬೆರೆತುಹೋಗಿದ್ದವು. ತಣ್ಣಗಿಟ್ಟಾಗ ಬೆರೆಯಲಿಲ್ಲ.

ಪ್ರೋಟೀನು ಬಳಿದ ಸುಣ್ಣದ ಹಾಗೆ ಅಂಟಿಕೊಂಡಿದ್ದರೆ ಹೀಗೆ ಓಡಾಡುವುದು ಹೇಗೆ? 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಬೇರೆಯೇ ಚಿತ್ರ ಕೊಟ್ಟರು. ಕೊಬ್ಬು ಎಣ್ಣೆಯಂತೆ ಹರಿದಾಡುತ್ತದೆ. ಪ್ರೋಟೀನುಗಳು ಅದರಲ್ಲಿ ಮುಳುಗಿ ತೇಲುತ್ತವೆ. ಕೆಲವು ಈ ಬದಿಯಿಂದ ಆ ಬದಿಗೂ ಚಾಚಿಕೊಂಡಿವೆ. ಇವತ್ತಿನ ಪಠ್ಯಪುಸ್ತಕದಲ್ಲಿರುವುದು ಇದೇ. ಆದರೆ ಪ್ರೋಟೀನುಗಳ ನಡುವೆ ಆ ಚಿತ್ರದಲ್ಲಿ ಕಾಣುವಷ್ಟು ಖಾಲಿ ಜಾಗ ನಿಜದಲ್ಲಿಲ್ಲ. ಅಲ್ಲಿ ಸಂತೆಯ ಗದ್ದಲ.

ಎಲ್ಲವೂ ಹರಿದಾಡಿದರೆ ರಕ್ತಕಣಕ್ಕೆ ಆ ತಟ್ಟೆಯ ಆಕಾರ ಎಲ್ಲಿಂದ ಬಂತು? ಪೊರೆಯ ಒಳಮೈಗೆ ಸ್ಪೆಕ್ಟ್ರಿನ್ ಎಂಬ ಪ್ರೋಟೀನಿನ ಬಲೆಯೊಂದು ತಗುಲಿಕೊಂಡಿದೆ. ತನಗಿಂತ ಕಿರಿದಾದ ರಕ್ತನಾಳದಲ್ಲೂ ಕಣ ಮಡಚಿಕೊಂಡು ನುಸುಳಿ, ಆಚೆ ಹೋಗಿ ಮತ್ತೆ ತಟ್ಟೆಯಾಗುವುದು ಈ ಬಲೆಯಿಂದಲೇ. ಕೆಲವರಿಗೆ ಹುಟ್ಟಿನಿಂದಲೇ ಇದರಲ್ಲಿ ದೋಷ ಇರುತ್ತದೆ. ಅವರ ಕಣಗಳು ತಟ್ಟೆಯಾಗದೆ ಉಂಡೆಯಾಗುತ್ತವೆ, ಹೊಟ್ಟೆಯ ಎಡಗಡೆ ಇರುವ ಗುಲ್ಮ ಎಂಬ ಅಂಗದ ಇಕ್ಕಟ್ಟಿನಲ್ಲಿ ಸಿಕ್ಕಿಬಿದ್ದು ಒಡೆದುಹೋಗುತ್ತವೆ. ರಕ್ತ ಕಡಿಮೆಯಾಗುತ್ತದೆ, ಕಣ್ಣು ಹಳದಿಯಾಗುತ್ತದೆ.

ನಮಸ್ಕಾರ.