ಮೂತ್ರದಲ್ಲಿ ಪ್ರೋಟೀನು: ಮನೆತನದಲ್ಲಿ ಅದು ಹರಿಯುವ ಬಗೆ

ಆತ್ಮೀಯ ಶ್ರೋತೃಗಳೇ, ನಮಸ್ಕಾರ.

ನಮ್ಮ ಮೂತ್ರಪಿಂಡಗಳು ರಕ್ತದಿಂದ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಆದರೂ ಆರೋಗ್ಯವಂತ ವಯಸ್ಕರ ಮೂತ್ರದಲ್ಲಿ ದಿನವೊಂದಕ್ಕೆ ಹೊರಹೋಗುವ ಪ್ರೋಟೀನು 150 ಮಿಲಿಗ್ರಾಂಗಿಂತ ಕಡಿಮೆ. ಜ್ವರ ಬಂದಾಗ ಅಥವಾ ದೇಹಕ್ಕೆ ಹೆಚ್ಚು ಶ್ರಮವಾದಾಗ ಈ ಪ್ರಮಾಣ ಏರಿ, ತಾನಾಗಿಯೇ ಇಳಿಯುವುದುಂಟು. ಇಳಿಯದೆ ಉಳಿದಾಗ, ಮನೆಯಲ್ಲಿ ಇನ್ನಾರಿಗೆ ಮೂತ್ರಪಿಂಡದ ಕಾಯಿಲೆ ಇತ್ತೆಂದು ಕೇಳಲೇಬೇಕು.

1927ರಲ್ಲಿ ಆಲ್ಪೋರ್ಟ್ ಎಂಬ ವೈದ್ಯರು, ಮೂತ್ರಪಿಂಡದ ಕಾಯಿಲೆಯೂ ಕಿವುಡುತನವೂ ಜೊತೆಯಾಗಿ ಬರುವ, ಗಂಡಸರನ್ನು ಹೆಚ್ಚು ಬಾಧಿಸುವ ಒಂದು ಕುಟುಂಬವನ್ನು ವರ್ಣಿಸಿದರು. ಸೋಸುವ ಪೊರೆಗೆ ಬಲ ಕೊಡುವ ಕೊಲಾಜನ್‌ನಲ್ಲಿಯೇ ಇಲ್ಲಿ ದೋಷವಿರುತ್ತದೆ. ಮೊದಲು ರಕ್ತ, ವರ್ಷಗಳು ಕಳೆದಂತೆ ಪ್ರೋಟೀನು ಮೂತ್ರಕ್ಕೆ ಸೇರುತ್ತವೆ. ಹೆಚ್ಚಿನ ಕುಟುಂಬಗಳಲ್ಲಿ ದೋಷವಿರುವುದು ಎಕ್ಸ್ ವರ್ಣತಂತುವಿನಲ್ಲಿ; ತಂದೆ ತನ್ನ ಎಕ್ಸ್ ಅನ್ನು ಹೆಣ್ಣುಮಕ್ಕಳಿಗೆ ಮಾತ್ರ ಕೊಡುತ್ತಾನೆ. ಆದ್ದರಿಂದ ಬಾಧಿತ ತಂದೆಯಿಂದ ಅದು ಎಲ್ಲ ಹೆಣ್ಣುಮಕ್ಕಳಿಗೂ ಹೋಗುತ್ತದೆ, ಗಂಡುಮಕ್ಕಳಿಗೆ ಹೋಗುವುದಿಲ್ಲ. ತಾಯಿಯಿಂದಾದರೆ ಪ್ರತಿಯೊಂದು ಮಗುವಿಗೂ ಅರ್ಧದಷ್ಟು ಸಾಧ್ಯತೆ. ಇಂತಹ ತಾಯಂದಿರು ಕಾಯಿಲೆಯನ್ನು ದಾಟಿಸುವವರಷ್ಟೇ, ಅವರಿಗೇನೂ ಆಗದು ಎಂಬ ನಂಬಿಕೆ ಬಹುಕಾಲ ಉಳಿದದ್ದು ದುಃಖದ ಸಂಗತಿ. ಅವರಲ್ಲಿ ಹೆಚ್ಚಿನವರ ಮೂತ್ರದಲ್ಲಿ ರಕ್ತ, ಹಲವರಲ್ಲಿ ಪ್ರೋಟೀನು ಕಾಣುತ್ತದೆ. ಕೆಲವರ ಮೂತ್ರಪಿಂಡಗಳೇ ವಿಫಲವಾಗುತ್ತವೆ. ಮಗನಿಗೆ ತನ್ನ ಮೂತ್ರಪಿಂಡವನ್ನು ಕೊಡಲು ಮುಂದಾಗುವ ತಾಯಿಯನ್ನು ಈ ಕಾರಣಕ್ಕಾಗಿಯೇ ವಿಶೇಷ ಎಚ್ಚರದಿಂದ ಪರೀಕ್ಷಿಸಬೇಕಾಗುತ್ತದೆ.

ಇನ್ನೊಂದು ಬಗೆಯಲ್ಲಿ ಮನೆತನದ ಚರಿತ್ರೆ ಏನನ್ನೂ ಹೇಳುವುದಿಲ್ಲ. ಮೂತ್ರಪಿಂಡದ ಸೋಸುವ ಪೊರೆಯಲ್ಲಿರುವ ನೆಫ್ರಿನ್, ಪೊಡೊಸಿನ್ ಎಂಬ ಪ್ರೋಟೀನುಗಳ ವಂಶವಾಹಿಗಳಲ್ಲಿ ದೋಷವಿದ್ದು, ಮಗುವಿಗೆ ತಂದೆತಾಯಿ ಇಬ್ಬರಿಂದಲೂ ದೋಷಪೂರಿತ ಪ್ರತಿಯೊಂದು ಬಂದರೆ ಮಾತ್ರ ಕಾಯಿಲೆ ತಲೆದೋರುತ್ತದೆ. ತಂದೆತಾಯಿಯರ ಮೂತ್ರ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಆದರೂ ಪ್ರತಿ ಗರ್ಭದಲ್ಲಿಯೂ ನಾಲ್ಕರಲ್ಲಿ ಒಂದರಷ್ಟು ಅಪಾಯವಿರುತ್ತದೆ, ರಕ್ತಸಂಬಂಧದ ಮದುವೆಗಳಲ್ಲಿ ಇಂತಹ ಜೋಡಿ ಕೂಡಿಬರುವ ಸಂಭವ ಹೆಚ್ಚು. ಈ ಮಕ್ಕಳಿಗೆ ಸ್ಟೀರಾಯ್ಡ್ ಸಾಮಾನ್ಯವಾಗಿ ಫಲ ಕೊಡುವುದಿಲ್ಲವಾದ್ದರಿಂದ, ವಂಶವಾಹಿ ಪರೀಕ್ಷೆ ಬೇಗ ನಡೆದರೆ ವ್ಯರ್ಥ ಔಷಧಿಯ ಅಡ್ಡಪರಿಣಾಮಗಳಿಂದ ಮಗುವನ್ನು ಉಳಿಸಬಹುದು.

ತಂದೆ ಅಥವಾ ತಾಯಿಯಿಂದ ಬಂದ ಒಂದೇ ದೋಷಪೂರಿತ ಪ್ರತಿಯಿಂದ ಉಂಟಾಗುವ ಬಗೆಗಳೂ ಇವೆ; ಅವುಗಳಲ್ಲಿ ಕೆಲವು ಪ್ರಾಯಕ್ಕೆ ಬಂದ ಮೇಲಷ್ಟೇ ತೋರುತ್ತವೆ. ಮಧುಮೇಹಿಗಳಲ್ಲಿಯೂ ಮೂತ್ರಪಿಂಡದ ತೊಂದರೆ ಕೆಲವು ಕುಟುಂಬಗಳಲ್ಲಿ ಗುಂಪುಗೂಡುತ್ತದೆ, ಆದರೆ ಅಲ್ಲಿ ಹಲವು ವಂಶವಾಹಿಗಳ ಸಣ್ಣ ಸಣ್ಣ ಪ್ರಭಾವಗಳು ಜೀವನಕ್ರಮದೊಡನೆ ಬೆರೆತಿರುತ್ತವೆ.

ಕುಟುಂಬದಲ್ಲಿ ಒಬ್ಬರಿಗೆ ಆಲ್ಪೋರ್ಟ್ ಕಾಯಿಲೆ ಖಚಿತವಾದರೆ, ತಾಯಿ, ಅಕ್ಕತಂಗಿಯರು, ಸೋದರಮಾವಂದಿರು ಎಲ್ಲರೂ ಮೂತ್ರವನ್ನು ಪರೀಕ್ಷಿಸಿಕೊಳ್ಳಲಿ. ರಕ್ತದೊತ್ತಡಕ್ಕೆ ಬಳಸುವ ಕೆಲವು ಮಾತ್ರೆಗಳನ್ನು ವೈದ್ಯರ ಸಲಹೆಯಂತೆ ಬೇಗ ಆರಂಭಿಸಿದರೆ ಮೂತ್ರಪಿಂಡದ ವೈಫಲ್ಯವನ್ನು ವರ್ಷಗಳ ಕಾಲ ಮುಂದೂಡಬಹುದೆಂಬುದು ಈಗ ತಿಳಿದಿದೆ.