ಕ್ರೀಮ್ ಅಲ್ಲ, ಕೇಕ್ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ. ನಮ್ಮ ಕಾಸರಗೋಡಿನ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯಲ್ಲಿ ಒಲೆಯ ಪಕ್ಕ ರೇಡಿಯೋ ಇಟ್ಟುಕೊಂಡು ಕೇಳುತ್ತಿರುವ ಅಕ್ಕಂದಿರಿಗೆ ಇನ್ನೊಂದು ನಮಸ್ಕಾರ. ನಾನು ಮನೆಯಲ್ಲೇ ಕೇಕ್ ಮಾಡುವವಳು. ಕಲಿಯಲು ಬಂದವರಿಗೆ ಹೇಳಿಕೊಡುತ್ತೇನೆ. ಬಂದವರು ಕೇಳುವ ಮೊದಲ ಪ್ರಶ್ನೆ ಒಂದೇ. "ಟೀಚರ್, ಕಪ್‌ಕೇಕ್ ಮೇಲೆ ಕ್ರೀಮ್‌ನ ಗುಲಾಬಿ ಹೇಗೆ ಮಾಡುವುದು?" ಕಪ್‌ಕೇಕ್ ಅಂದರೆ ಸಣ್ಣ ಪೇಪರ್ ಕಪ್ಪಿನಲ್ಲಿ ಬೇಯಿಸುವ ಪುಟ್ಟ ಕೇಕ್. ಆ ಕೇಕ್ ಹೇಗೆ ಮಾಡುವುದು ಅಂತ ಯಾರೂ ಕೇಳುವುದಿಲ್ಲ. ಹಾಗಾಗಿ ಇವತ್ತು ನಾನು ಹೇಳುವುದು ಒಂದೇ ಮಾತು. ಕ್ರೀಮ್ ಅಲ್ಲ, ಕೇಕ್ ನೋಡಿ.

ಕಳೆದ ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಮಗಳ ಮನೆಗೆ ಹೋಗಿದ್ದೆ. ಮೊಮ್ಮಗಳಿಗೆ ಏಳು ವರ್ಷ. "ಅಜ್ಜಿ, ಅಲ್ಲಿಗೇ ಹೋಗ್ಬೇಕು" ಅಂತ ಒಂದು ಕಪ್‌ಕೇಕ್ ಬೇಕರಿಯ ಹೆಸರು ಹಿಡಿದು ಕೂತಳು. ತುಂಬಾ ಹೆಸರಾದ ಅಂಗಡಿಯಂತೆ. ಶನಿವಾರ ಸಂಜೆ ಹೋದೆವು. ಕ್ಯೂ ಫುಟ್‌ಪಾತ್‌ವರೆಗೂ ಇತ್ತು. ಮುಕ್ಕಾಲು ಗಂಟೆ ನಿಂತೆವು. ಗಾಜಿನ ಹಿಂದೆ ಸಾಲು ಸಾಲು ಕಪ್‌ಕೇಕ್. ಗುಲಾಬಿ, ನೀಲಿ, ಹಸಿರು. ಕೇಕ್ ಎರಡು ಬೆರಳು ಎತ್ತರ, ಅದರ ಮೇಲೆ ಕ್ರೀಮ್ ಮೂರು ಬೆರಳು. ನೋಡಲು ಚೆಂದವೇ, ಇಲ್ಲ ಅನ್ನುವುದಿಲ್ಲ.

ಆದರೆ ನನ್ನ ಕಣ್ಣು ಬಾಗಿಲ ಪಕ್ಕದ ಕಸದ ಡಬ್ಬಿಯ ಮೇಲೆ ಬಿತ್ತು. ಡಬ್ಬಿ ತುಂಬಾ ಕೇಕ್! ಮಕ್ಕಳು ಮೇಲಿನ ಕ್ರೀಮ್ ನೆಕ್ಕುತ್ತಾರೆ, ಎರಡು ಸಲ ಕಚ್ಚುತ್ತಾರೆ, ಉಳಿದದ್ದನ್ನು ಪೇಪರ್ ಸಮೇತ ಎಸೆಯುತ್ತಾರೆ. ನನ್ನ ಮೊಮ್ಮಗಳೂ ಹಾಗೇ ಎಸೆಯಲು ಹೊರಟಳು. ಕೈ ಹಿಡಿದೆ. ಬೆಣ್ಣೆ, ಮೊಟ್ಟೆ, ಸಕ್ಕರೆ ಹಾಕಿ ಒಬ್ಬರು ಬೆಳಿಗ್ಗೆ ಎದ್ದು ಮಾಡಿದ ಕೇಕ್ ಅದು. ನನಗೆ ತುಂಬಾ ಸಂಕಟವಾಯಿತು.

ಮತ್ತೆ ಕೌಂಟರ್‌ಗೆ ಹೋಗಿ ಕೇಳಿದೆ, "ಕ್ರೀಮ್ ಹಾಕದ್ದು ಉಂಟಾ?" ಅಲ್ಲಿದ್ದ ಹುಡುಗಿಗೆ ಅರ್ಥವೇ ಆಗಲಿಲ್ಲ. "ರೆಡ್ ವೆಲ್ವೆಟ್ ತಗೊಳ್ಳಿ ಆಂಟಿ, ಅದೇ ಜಾಸ್ತಿ ಹೋಗೋದು" ಅಂದಳು. ಅದು ಕ್ರೀಮ್ ಹಾಕಿದ ಕೆಂಪು ಕೇಕ್. ನಾನು ಬಿಡಲಿಲ್ಲ. ಕೊನೆಗೆ ಒಳಗಿಂದ ಏಪ್ರನ್ ಕಟ್ಟಿದ ಹುಡುಗನೊಬ್ಬ ಬಂದ. ಹಾಸನದ ಕಡೆಯವನು. "ಬರೀ ಕೇಕಾ ಅಮ್ಮಾ?" ಅಂತ ಎರಡೆರಡು ಸಲ ಕೇಳಿ, ಆಗಷ್ಟೇ ಇಳಿಸಿದ ಟ್ರೇಯಿಂದ ಒಂದು ತಂದುಕೊಟ್ಟ. ಇನ್ನೂ ಬಿಸಿ ಇತ್ತು. ಪೇಪರ್ ಬಿಡಿಸಿದೆ, ಸಲೀಸಾಗಿ ಬಂತು. ಬೆರಳಿನಿಂದ ಒತ್ತಿದೆ, ಸ್ಪಂಜಿನ ಹಾಗೆ ಮೇಲೆದ್ದಿತು. ಬಾಯಿಗಿಟ್ಟರೆ ಬೆಣ್ಣೆಯ ಪರಿಮಳ! ಎಂಥ ಕೇಕ್ ಗೊತ್ತಾ ಅದು? "ಇಷ್ಟು ಒಳ್ಳೆಯ ಕೇಕ್ ಮಾಡುತ್ತೀಯಲ್ಲ ಮಗಾ" ಅಂದೆ. "ಕೇಕ್ ಬಗ್ಗೆ ಯಾರೂ ಹೇಳಲ್ಲ ಅಮ್ಮಾ, ಎಲ್ಲರೂ ಕಲರ್ ಬಗ್ಗೆ ಹೇಳ್ತಾರೆ" ಅಂದ. ಅರ್ಧ ಮುರಿದು ಮೊಮ್ಮಗಳ ಕೈಗೆ ಕೊಟ್ಟೆ. ತಿಂದು ಮುಗಿಸಿ ಇನ್ನೊಂದು ಕೇಳಿದಳು.

ನಮ್ಮ ಕಡೆಯವರಿಗೆ ಇದು ಬೇಗ ಅರ್ಥವಾಗಬೇಕು. ಹಲಸಿನ ಎಲೆಯ ಕೊಟ್ಟೆಯಲ್ಲಿ, ಅಂದರೆ ಎಲೆಯ ಕಪ್ಪಿನಲ್ಲಿ, ಕಡುಬು ಬೇಯಿಸುವವರು ನಾವು. ಕಡುಬು ಗಟ್ಟಿಯಾದರೆ ಚಟ್ನಿ ಎಷ್ಟು ರುಚಿಯಾಗಿದ್ದರೂ ಏನು ಪ್ರಯೋಜನ? ಕಪ್‌ಕೇಕ್ ಕೂಡ ಹಾಗೆಯೇ. 1796ರ ಒಂದು ಅಮೆರಿಕನ್ ಅಡುಗೆ ಪುಸ್ತಕದಲ್ಲಿ ಸಣ್ಣ ಕಪ್‌ಗಳಲ್ಲಿ ಬೇಯಿಸುವ ಕೇಕ್ ಇದೆ. ಅದಕ್ಕೆ ಜಾಯಿಕಾಯಿ, ದಾಲ್ಚಿನ್ನಿ, ಒಣದ್ರಾಕ್ಷಿ ಹಾಕುತ್ತಿದ್ದರು. ಕ್ರೀಮ್ ಇರಲಿಲ್ಲ. ಕ್ರೀಮ್‌ನ ಹುಚ್ಚು ತೀರಾ ಈಚಿನದು. ನ್ಯೂಯಾರ್ಕ್‌ನಲ್ಲಿ 1996ರಲ್ಲಿ ಮ್ಯಾಗ್ನೋಲಿಯಾ ಬೇಕರಿ ಶುರುವಾಯಿತು. ಆಮೇಲೆ ಒಂದು ಟಿವಿ ಧಾರಾವಾಹಿಯಲ್ಲಿ ಆ ಅಂಗಡಿಯ ಕಪ್‌ಕೇಕ್ ತೋರಿಸಿದರು. ಅಲ್ಲಿಂದ ಕ್ಯೂ ನಿಲ್ಲುವುದು ಶುರು.

ಇಷ್ಟು ದೂರ ಯಾಕೆ, ಕಣ್ಣೂರು ದಾಟಿದರೆ ತಲಶ್ಶೇರಿ. ಅಲ್ಲಿ 1880ರಲ್ಲಿ ಮಾಂಬಳ್ಳಿ ಬಾಪು ಅವರು ಬಿಸ್ಕೆಟ್ ಕಾರ್ಖಾನೆ ಇಟ್ಟರು. 1883ರ ಕ್ರಿಸ್‌ಮಸ್‌ಗೆ ಮರ್ಡಾಕ್ ಬ್ರೌನ್ ಎಂಬ ತೋಟದ ದೊರೆ ಇಂಗ್ಲೆಂಡಿನ ಕೇಕ್ ತಂದು, ಇಂಥದ್ದೇ ಮಾಡಿಕೊಡು ಅಂದನಂತೆ. ಬಾಪು ಇಲ್ಲಿನದೇ ಸಾಮಾನು ಹಾಕಿ ಮಾಡಿಕೊಟ್ಟರು. ದೊರೆ ಇನ್ನೂ ಒಂದು ಡಜನ್ ಕೇಳಿದ. ಅದು ಪ್ಲಮ್ ಕೇಕ್. ಅದರ ಮೇಲೂ ಕ್ರೀಮ್‌ನ ಗುಲಾಬಿ ಇರಲಿಲ್ಲ. ಕೇಕೇ ಚೆನ್ನಾಗಿತ್ತು, ಅಷ್ಟೇ.

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಬರೆದುಕೊಳ್ಳಿ. ಒಂದು ಕಪ್ ಬೆಣ್ಣೆ, ಎರಡು ಕಪ್ ಸಕ್ಕರೆ, ಮೂರು ಕಪ್ ಮೈದಾ, ನಾಲ್ಕು ಮೊಟ್ಟೆ. ಒಂದು, ಎರಡು, ಮೂರು, ನಾಲ್ಕು, ಮರೆಯಲು ಸಾಧ್ಯವೇ ಇಲ್ಲ ಅಲ್ವಾ? ಜೊತೆಗೆ ಒಂದು ಕಪ್ ಹಾಲು, ಮೂರು ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು. ಬೆಣ್ಣೆ, ಸಕ್ಕರೆಯನ್ನು ಬಿಳಿಚಿಕೊಳ್ಳುವವರೆಗೆ ಚೆನ್ನಾಗಿ ತಿಕ್ಕಿ. ಮೊಟ್ಟೆ ಒಂದೊಂದಾಗಿ ಹಾಕಿ. ಆದರೆ ಮೈದಾ ಹಾಕಿದ ಮೇಲೆ ಜಾಸ್ತಿ ಬಡಿಯಬೇಡಿ. ನಮ್ಮವರು ತಪ್ಪುವುದು ಇಲ್ಲೇ. ಗೋಳಿಬಜೆಯ ಹಿಟ್ಟಿನ ಹಾಗೆ ಬಡಿಯುತ್ತಾರೆ! ಗೋಳಿಬಜೆಗೆ ಅಂಟು ಬೇಕು, ಕೇಕ್‌ಗೆ ಅಂಟು ಬೇಡ. ಹಿಟ್ಟು ಬೆರೆತರೆ ಸಾಕು. ಕಪ್ಪಿನ ಮೂರರಲ್ಲಿ ಎರಡು ಪಾಲು ತುಂಬಿ, ಓವನ್‌ನಲ್ಲಿ 180 ಡಿಗ್ರಿ ಸೆಲ್ಸಿಯಸ್‌ಗೆ ಹತ್ತೊಂಬತ್ತು, ಇಪ್ಪತ್ತು ನಿಮಿಷ. ಸುಮಾರು ಎರಡು ಡಜನ್ ಆಗುತ್ತದೆ.

ಅಂಗಡಿಗೆ ಹೋದರೆ ಹೀಗೆ ಮಾಡಿ. ಮೊದಲು ಬುಡದ ಕಡೆಯಿಂದ ಒಂದು ಚೂರು ತಿಂದು ನೋಡಿ, ಕ್ರೀಮ್ ಆಮೇಲೆ. ಬೆಣ್ಣೆ ನಮ್ಮ ಬಾಯಿಯ ಬಿಸಿಗೆ ಕರಗುತ್ತದೆ. ತಿಂದಾದ ಮೇಲೆ ಅಂಗುಳಕ್ಕೆ ಜಿಡ್ಡು ಮೆತ್ತಿಕೊಂಡರೆ ಅದು ಬೆಣ್ಣೆ ಅಲ್ಲ, ವನಸ್ಪತಿ. ಫ್ರಿಜ್‌ನಿಂದ ತೆಗೆದ ಕೂಡಲೇ ತಿನ್ನಬೇಡಿ. ಬೆಣ್ಣೆ ಗಟ್ಟಿಯಾಗಿ ಒಳ್ಳೆಯ ಕೇಕ್ ಕೂಡ ಒಣಗಿದ ಹಾಗೆ ಅನಿಸುತ್ತದೆ. ಅರ್ಧ ಗಂಟೆ ಹೊರಗಿಡಿ.

ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಊರಿಗೆ ತರುವವರು ಕ್ರೀಮ್ ಹಾಕದ್ದನ್ನೇ ಕೇಳಿ. ಇಲ್ಲ ಅಂದರೆ ಒಳಗಿನವರನ್ನು ಕರೆದು ಕೇಳಿ, ಕೊಡುತ್ತಾರೆ. ಕೇಕ್ ಚೆನ್ನಾಗಿದ್ದರೆ ಮಾಡಿದವರಿಗೆ ಅದನ್ನು ಬಾಯಿಬಿಟ್ಟು ಹೇಳಿ ಬನ್ನಿ. ನಮಸ್ಕಾರ.