ಫ್ಯಾಂಟಸಿ ಬೇಸ್‌ಬಾಲ್: ಪಾಯಿಂಟ್ ಕೊಡುವ ಅಂಕಿ, ದಾರಿ ತೋರಿಸುವ ಅಂಕಿ

ನಮಸ್ಕಾರ. ಇವತ್ತು ನಿಮಗೆ ತೋರಿಸುವುದು ಈ ಶೀಟ್. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ಲ್ಯಾಪ್‌ಟಾಪ್‌ನಲ್ಲಿ ಯಾವಾಗಲೂ ತೆರೆದೇ ಇರುತ್ತದೆ. ಎಡಗಡೆ ಆಟಗಾರರ ಹೆಸರು, ಬಲಗಡೆ ಪೂರ್ತಿ ಅಂಕಿಗಳು. ಫ್ಯಾಂಟಸಿ ಬೇಸ್‌ಬಾಲ್ ಆಡುವವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು. ಲೀಗ್‌ನಲ್ಲಿ ಪಾಯಿಂಟ್ ಕೊಡುವ ಅಂಕಿಗಳು ಬೇರೆ, ಮುಂದೆ ಏನಾಗಬಹುದು ಅಂತ ಹೇಳುವ ಅಂಕಿಗಳು ಬೇರೆ. ಇವೆರಡರ ನಡುವಿನ ಜಾಗದಲ್ಲೇ ಇಡೀ ಆಟ ಇದೆ.

ನಾನು ಇರುವುದು ಸಿನ್ಸಿನಾಟಿಯಲ್ಲಿ. ಈಗ ಕಾಣುತ್ತಿರುವುದು ಓಹಿಯೊ ನದಿ ದಡದ ಗ್ರೇಟ್ ಅಮೆರಿಕನ್ ಬಾಲ್ ಪಾರ್ಕ್. ಅಲ್ಲಿ ಬಲಗಡೆ ಬೇಲಿ ನೋಡಿ, 325 ಅಡಿ ಅಂತ ಬರೆದಿದೆ. ಎಡಗಡೆ 328. ಮೈದಾನ ಚಿಕ್ಕದು, ಹೋಮ್ ರನ್, ಅಂದರೆ ನಮ್ಮ ಸಿಕ್ಸರ್ ಥರ ಬೇಲಿ ದಾಟುವ ಹೊಡೆತ, ಸಲೀಸಾಗಿ ಬರುತ್ತದೆ. ಕ್ರಿಕೆಟ್ ನೋಡಿ ಬೆಳೆದ ನಮಗೆ ಬೌಂಡರಿ ಒಂದೊಂದು ಕಡೆ ಒಂದೊಂದು ಥರ ಇರುವುದು ಹೊಸದೇನಲ್ಲ. ಆದರೆ ಇಲ್ಲಿ ಆ ವ್ಯತ್ಯಾಸವನ್ನೂ ಅಳೆದು, ಪಾರ್ಕ್ ಫ್ಯಾಕ್ಟರ್ ಅಂತ ಒಂದು ಸಂಖ್ಯೆ ಮಾಡಿ ಇಟ್ಟಿದ್ದಾರೆ. ಡೆನ್ವರ್‌ನ ಕೂರ್ಸ್ ಫೀಲ್ಡ್ ಸಮುದ್ರ ಮಟ್ಟದಿಂದ ಸುಮಾರು 5,200 ಅಡಿ ಮೇಲಿದೆ. ಗಾಳಿ ತೆಳು, ಚೆಂಡು ದೂರ ಹೋಗುತ್ತದೆ. ಅಲ್ಲಿ ಆಡುವ ಬ್ಯಾಟರ್ ಅಂಕಿಗಳನ್ನು ಹಾಗೇ ನಂಬುವ ಹಾಗಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. 1980ರಲ್ಲಿ ನ್ಯೂಯಾರ್ಕ್‌ನಲ್ಲಿ ಡ್ಯಾನಿಯಲ್ ಓಕ್ರೆಂಟ್ ಮತ್ತು ಅವರ ಗೆಳೆಯರು ಶುರು ಮಾಡಿದ ಲೀಗ್ ಇದು. ಅವರು ಸೇರುತ್ತಿದ್ದ ಊಟದ ಜಾಗದ ಹೆಸರು ಲಾ ರೊಟಿಸರಿ ಫ್ರಾನ್ಸೇಸ್. ಅದಕ್ಕೇ ಈಗಲೂ ಇದನ್ನು ರೊಟಿಸರಿ ಲೀಗ್ ಅನ್ನುತ್ತಾರೆ, ಬಾಯಲ್ಲಿ ಬರೀ ರೋಟೊ. ನಿಜವಾದ ಆಟಗಾರರನ್ನು ಹರಾಜಿನಲ್ಲೋ, ಸರದಿ ಪ್ರಕಾರ ಆರಿಸುವ ಡ್ರಾಫ್ಟ್‌ನಲ್ಲೋ ತಗೊಂಡು ನೀವೊಂದು ತಂಡ ಕಟ್ಟುತ್ತೀರಿ. ಅವರು ಮೈದಾನದಲ್ಲಿ ಏನು ಮಾಡುತ್ತಾರೋ ಅದು ನಿಮ್ಮ ಖಾತೆಗೆ. ಬ್ಯಾಟಿಂಗ್‌ನಲ್ಲಿ ಐದು ವಿಭಾಗ: ರನ್, ಹೋಮ್ ರನ್, ಆರ್‌ಬಿಐ (ತನ್ನ ಹೊಡೆತದಿಂದ ತಂಡಕ್ಕೆ ಬಂದ ರನ್), ಕದ್ದ ಬೇಸ್ (ಹೊಡೆತಕ್ಕೆ ಕಾಯದೆ ಓಡಿ ಹಿಡಿದ ಮುಂದಿನ ಬೇಸ್), ಸರಾಸರಿ (ಬ್ಯಾಟಿಂಗ್ ಸರದಿಗಳಲ್ಲಿ ಎಷ್ಟು ಪಾಲು ಹಿಟ್, ಅಂದರೆ ಚೆಂಡು ಹೊಡೆದು ಬೇಸ್ ತಲುಪಿದ್ದು). ಪಿಚಿಂಗ್‌ನಲ್ಲೂ, ಅಂದರೆ ನಮ್ಮ ಬೌಲಿಂಗ್ ಥರದ್ದರಲ್ಲೂ, ಐದು: ಗೆಲುವು, ಸೇವ್ (ಕೊನೆಯಲ್ಲಿ ಬಂದು ಸಣ್ಣ ಮುನ್ನಡೆ ಕಾಪಾಡಿದ್ದು), ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಆಗಿ ಬ್ಯಾಟರ್ ಔಟ್), ಇಆರ್‌ಎ (ಒಂಬತ್ತು ಇನ್ನಿಂಗ್‌ಗೆ ಪಿಚರ್ ಲೆಕ್ಕಕ್ಕೆ ಬಿದ್ದ ರನ್), ವಿಪ್ (ಒಂದು ಇನ್ನಿಂಗ್‌ಗೆ ಕೊಟ್ಟ ಹಿಟ್ ಮತ್ತು ವಾಕ್; ನಾಲ್ಕು ಕೆಟ್ಟ ಎಸೆತಕ್ಕೆ ಸಿಗುವ ಉಚಿತ ಬೇಸ್ ವಾಕ್). ಕೊನೆಯ ಎರಡು ಕಡಿಮೆ ಇದ್ದಷ್ಟೂ ಒಳ್ಳೆಯದು. ಹನ್ನೆರಡು ತಂಡ ಇದ್ದರೆ ಒಂದು ವಿಭಾಗದಲ್ಲಿ ಮೊದಲು ಬಂದವರಿಗೆ 12 ಪಾಯಿಂಟ್, ಕೊನೆಯವರಿಗೆ 1. ಹತ್ತು ವಿಭಾಗ ಸೇರಿದರೆ ಹೆಚ್ಚೆಂದರೆ 120. ಒಂದೊಂದು ತಂಡಕ್ಕೂ 162 ಪಂದ್ಯ, ಆರು ತಿಂಗಳು, ಹೆಚ್ಚುಕಮ್ಮಿ ದಿನಾ ಆಟ. ನಮ್ಮ ಲೀಗ್‌ನಲ್ಲಿ ನಿಜವಾದ ದುಡ್ಡಿನ ವ್ಯವಹಾರ ಇಲ್ಲ, ಹರಾಜಿನ ದುಡ್ಡು ಬರೀ ಲೆಕ್ಕದ್ದು. ಗೆದ್ದವರ ಹೆಸರು ಹಲಗೆ ಮೇಲೆ ಬರುತ್ತದೆ, ಅಷ್ಟೆ. ಅಷ್ಟು ಸಾಕು ಕೂಡ.

ನನ್ನ ತಮ್ಮ ಡಲ್ಲಾಸ್‌ನಲ್ಲಿದ್ದಾನೆ, ಅವನೂ ಇದೇ ಲೀಗ್‌ನಲ್ಲಿ ಆಡುತ್ತಾನೆ. ಪ್ರತಿ ಸೀಸನ್ ಮೊದಲ ತಿಂಗಳು ಅವನಿಂದ ಒಂದು ಫೋನ್ ಬಂದೇ ಬರುತ್ತದೆ. "ಅಕ್ಕಾ, ಒಬ್ಬ 0.350 ಹೊಡೀತಿದಾನೆ, ಇನ್ನೂ ಯಾರೂ ತಗೊಂಡಿಲ್ಲ. ನೀನು ಬಿಡ್ ಹಾಕಲ್ವಾ?" ನಾನು ಕೇಳುವುದು, "ಸ್ಟ್ರೈಕ್‌ಔಟ್ ಎಷ್ಟೋ?"

ಯಾಕೆ ಹಾಗೆ ಕೇಳುತ್ತೇನೆ, ಬನ್ನಿ, ಲೆಕ್ಕ ಮಾಡಿಯೇ ನೋಡೋಣ. ಒಬ್ಬ ಬ್ಯಾಟರ್ 100 ಅಟ್-ಬ್ಯಾಟ್‌ನಲ್ಲಿ, ಅಂದರೆ ಲೆಕ್ಕಕ್ಕೆ ಬರುವ 100 ಬ್ಯಾಟಿಂಗ್ ಸರದಿಯಲ್ಲಿ, 35 ಹಿಟ್ ಹೊಡೆದಿದ್ದಾನೆ ಅಂದುಕೊಳ್ಳಿ. ಸರಾಸರಿ 0.350. ಅದರಲ್ಲಿ 3 ಹೋಮ್ ರನ್. 25 ಸಲ ಸ್ಟ್ರೈಕ್‌ಔಟ್. ಹೋಮ್ ರನ್ ಬೇಲಿ ದಾಟಿ ಹೋಯಿತು, ಅದನ್ನು ಫೀಲ್ಡರ್ ಹಿಡಿಯುವ ಹಾಗಿಲ್ಲ. ಸ್ಟ್ರೈಕ್‌ಔಟ್‌ನಲ್ಲಿ ಚೆಂಡು ಆಟಕ್ಕೇ ಬರಲಿಲ್ಲ. ಎರಡನ್ನೂ ತೆಗೆಯಿರಿ. ಉಳಿದದ್ದು 72 ಚೆಂಡು, ಅದರಲ್ಲಿ 32 ಹಿಟ್. ಭಾಗಿಸಿದರೆ 0.444. ಇದಕ್ಕೆ ಬ್ಯಾಬಿಪ್ ಅನ್ನುತ್ತಾರೆ. ಆಟಕ್ಕೆ ಬಿದ್ದ ಚೆಂಡುಗಳಲ್ಲಿ ಎಷ್ಟು ಹಿಟ್ ಆಯಿತು ಅಂತ. ಮೇಜರ್ ಲೀಗ್‌ನ, ಅಂದರೆ ಅಮೆರಿಕದ ದೊಡ್ಡ ಬೇಸ್‌ಬಾಲ್ ಲೀಗ್‌ನ, ಒಟ್ಟು ಬ್ಯಾಬಿಪ್ ವರ್ಷ ವರ್ಷವೂ 0.300ರ ಆಸುಪಾಸಿನಲ್ಲೇ ಇರುತ್ತದೆ. ಇವನದೂ 0.300 ಆಗಿದ್ದರೆ 72ರಲ್ಲಿ ಸುಮಾರು 22 ಹಿಟ್. ಹೋಮ್ ರನ್ ಮೂರು ಸೇರಿಸಿ 25. ಸರಾಸರಿ ಸೀದಾ 0.250ಕ್ಕೆ ಇಳಿಯುತ್ತದೆ. ಅಂದರೆ ಆ 0.350ರಲ್ಲಿ ಹತ್ತು ಹಿಟ್ ಎಲ್ಲಿಂದ ಬಂತು ಅಂತ ಕೇಳಲೇಬೇಕು.

ಎಲ್ಲಾ ಹತ್ತೂ ಅದೃಷ್ಟ ಅಂತ ನಾನು ಹೇಳುತ್ತಿಲ್ಲ. ಜೋರಾಗಿ ಓಡುವವನಿಗೆ, ಚೆಂಡನ್ನು ಬಿರುಸಾಗಿ ನೇರಕ್ಕೆ ಹೊಡೆಯುವವನಿಗೆ ಬ್ಯಾಬಿಪ್ ಜಾಸ್ತಿಯೇ ಇರುತ್ತದೆ. ಅದನ್ನು ಪತ್ತೆ ಮಾಡಲಿಕ್ಕೆ ಈಗ ಬೇಸ್‌ಬಾಲ್ ಸವಂತ್ ಅನ್ನುವ ಸೈಟ್ ಇದೆ. ನೋಡಿ, ಇಲ್ಲಿ ಕೆಂಪು ನೀಲಿ ಪಟ್ಟಿಗಳು. ಕೆಂಪು ಅಂದರೆ ಲೀಗ್‌ನಲ್ಲಿ ಮೇಲಿನ ಸಾಲಿನವನು, ನೀಲಿ ಅಂದರೆ ಕೆಳಗಿನವನು. ಇದರ ಹಿಂದೆ ಇರುವುದು ಸ್ಟ್ಯಾಟ್‌ಕಾಸ್ಟ್. 2015ರಲ್ಲಿ ಮೂವತ್ತೂ ಮೈದಾನಗಳಿಗೆ ಬಂತು. ಮೊದಲು ರಾಡಾರ್ ಇತ್ತು. 2020ರಿಂದ ಹಾಕ್-ಐ ಕ್ಯಾಮೆರಾ, ಮೈದಾನಕ್ಕೆ ಹನ್ನೆರಡು. ಹೌದು, ನಮ್ಮ ಎಲ್‌ಬಿಡಬ್ಲ್ಯು ರಿವ್ಯೂನಲ್ಲಿ ಚೆಂಡಿನ ದಾರಿ ತೋರಿಸುತ್ತದಲ್ಲ, ಅದೇ ಹಾಕ್-ಐ. ಬ್ಯಾಟಿನಿಂದ ಚೆಂಡು ಎಷ್ಟು ವೇಗದಲ್ಲಿ ಹೊರಟಿತು, ಎಷ್ಟು ಡಿಗ್ರಿ ಕೋನದಲ್ಲಿ ಮೇಲೆದ್ದಿತು ಎಲ್ಲಾ ಅಳೆಯುತ್ತದೆ. ಗಂಟೆಗೆ 95 ಮೈಲಿ ದಾಟಿದರೆ ಅದು ಹಾರ್ಡ್ ಹಿಟ್. 98 ಮೈಲಿ ಮೇಲೆ ಸರಿಯಾದ ಕೋನದಲ್ಲಿ ಹೋದರೆ ಬ್ಯಾರೆಲ್. ಫೀಲ್ಡರ್ ಹಿಡಿದುಬಿಟ್ಟರೂ ಬ್ಯಾರೆಲ್ ಬ್ಯಾರೆಲ್ಲೇ. ನನಗೆ ಇದು ಬಹಳ ಇಷ್ಟ. ಒಬ್ಬ ಹುಡುಗ ಚೆನ್ನಾಗಿ ಹೊಡೆಯುತ್ತಿದ್ದಾನೆ, ಚೆಂಡು ಮಾತ್ರ ಫೀಲ್ಡರ್ ಕೈಗೇ ಹೋಗುತ್ತಿದೆ ಅನ್ನುವುದನ್ನು ಮೊದಲೆಲ್ಲಾ ಬರೀ ಕೋಚ್‌ಗಳು ಹೇಳುತ್ತಿದ್ದರು. ಈಗ ನಾನು ಅಡುಗೆಮನೆ ಟೇಬಲ್ ಮೇಲೆ ಕೂತು ನೋಡಬಹುದು.

ತಮ್ಮ ಹೇಳಿದವನ ಪಟ್ಟಿ ಪೂರ್ತಿ ನೀಲಿ ಇದ್ದು ಬ್ಯಾಬಿಪ್ 0.440 ಇದ್ದರೆ ನಾನು ಬಿಡ್ ಹಾಕುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಸರಾಸರಿ 0.210 ಇದ್ದು ಪಟ್ಟಿ ಕೆಂಪಗಿರುವವನನ್ನು ಬೇರೆಯವರು ಬಿಟ್ಟಾಗ ತಗೊಳ್ಳುತ್ತೇನೆ. ಸ್ಟ್ರೈಕ್‌ಔಟ್ ಮೊದಲು ಕೇಳುವುದಕ್ಕೂ ಕಾರಣ ಇದೆ. ಯಾವ ಅಂಕಿಯನ್ನು ಎಷ್ಟು ಬೇಗ ನಂಬಬಹುದು ಅಂತ ರಸೆಲ್ ಕಾರ್ಲ್‌ಟನ್ ಎನ್ನುವವರು ಲೆಕ್ಕ ಹಾಕಿದ್ದಾರೆ. ಸ್ಟ್ರೈಕ್‌ಔಟ್ ಪ್ರಮಾಣ ಸುಮಾರು 60 ಸಲ ಬ್ಯಾಟಿಂಗ್‌ಗೆ ಬರುವಷ್ಟರಲ್ಲಿ ಏನೋ ಹೇಳಲು ಶುರು ಮಾಡುತ್ತದೆ. ಸರಾಸರಿಗೆ ಇಡೀ ಸೀಸನ್ ಕೂಡ ಸಾಲುವುದಿಲ್ಲ. ಏಪ್ರಿಲ್‌ನಲ್ಲಿ ಸರಾಸರಿ ನೋಡಿ ಆಟಗಾರನನ್ನು ಕೊಳ್ಳುವುದು ಬೇಡ.

ಹಾಗಂತ ಕೆಂಪು ಪಟ್ಟಿಯೇ ಎಲ್ಲಾ ಅಲ್ಲ. ಲೂಯಿಸ್ ಅರಾಯೆಸ್ ಪುಟ ತೆಗೆದು ನೋಡಿ. ಹೊಡೆತದ ವೇಗದಲ್ಲಿ ಕಡು ನೀಲಿ, ಲೀಗ್‌ನಲ್ಲೇ ತಳದಲ್ಲಿ. ಆದರೆ 2023ರಲ್ಲಿ ಅವರು 203 ಹಿಟ್ ಹೊಡೆದು 0.354 ಸರಾಸರಿ ತಂದರು. ಇಡೀ ವರ್ಷ ಸ್ಟ್ರೈಕ್‌ಔಟ್ ಬರೀ 34. 2022, 2023, 2024 ಮೂರೂ ವರ್ಷ ಬ್ಯಾಟಿಂಗ್ ಪ್ರಶಸ್ತಿ, ಅದೂ ಮೂರು ಬೇರೆ ಬೇರೆ ತಂಡಗಳಲ್ಲಿ. ಚೆಂಡನ್ನು ಎಲ್ಲಿ ಖಾಲಿ ಇದೆಯೋ ಅಲ್ಲಿ ಇಡುವ ಕೈ ಅದು. ಅವರು ಆಡುವುದನ್ನು ನೋಡಿದರೆ ನನಗೆ ಸಂತೋಷವಾಗುತ್ತದೆ. ಆದರೂ ರೋಟೊ ಹರಾಜಿನಲ್ಲಿ ಹೆಚ್ಚು ದುಡ್ಡು ಹಾಕುವುದಿಲ್ಲ. ಅದೇ 2023ರಲ್ಲಿ ಹೋಮ್ ರನ್ 10, ಕದ್ದ ಬೇಸ್ 3. ಐದರಲ್ಲಿ ಒಂದು ವಿಭಾಗ ಮಾತ್ರ ಎತ್ತುತ್ತಾರೆ. ಆ ವರ್ಷವೇ ರೊನಾಲ್ಡ್ ಅಕುನ್ಯ ಜೂನಿಯರ್ 41 ಹೋಮ್ ರನ್, 73 ಕದ್ದ ಬೇಸ್, 149 ರನ್, ಸರಾಸರಿ 0.337. ಐದಕ್ಕೆ ಐದೂ.

ಈ 73 ಬೇಸ್ ಹಿಂದೆ ಒಂದು ಕಥೆ ಇದೆ, ಅದನ್ನು ಮೊದಲೇ ಓದಿಕೊಂಡವರು ಆ ವರ್ಷ ಮುಂದೆ ಹೋದರು. 2023ರಲ್ಲಿ ನಿಯಮ ಬದಲಾಯಿತು. ಬೇಸ್‌ನ ಅಳತೆ 15 ಇಂಚಿನಿಂದ 18 ಇಂಚಿಗೆ ಏರಿತು. ಪಿಚರ್ ಓಟಗಾರನನ್ನು ತಡೆಯಲು ಪದೇ ಪದೇ ಬೇಸ್‌ಗೆ ಎಸೆಯುವುದಕ್ಕೂ ಮಿತಿ ಬಂತು. ಎರಡು ಸಲ ಆದಮೇಲೆ ಮೂರನೇ ಸಲ ಔಟ್ ಮಾಡದಿದ್ದರೆ ಓಟಗಾರನಿಗೆ ಒಂದು ಬೇಸ್ ಉಚಿತ. 2022ರಲ್ಲಿ ಇಡೀ ಲೀಗ್ ಸೇರಿ 2,486 ಬೇಸ್ ಕದ್ದಿದ್ದರು. 2023ರಲ್ಲಿ 3,503. ಹಳೆಯ ಮೂರು ವರ್ಷದ ಅಂಕಿ ಹಾಕಿ ಲೆಕ್ಕ ಮಾಡಿದ ಯಾವ ಶೀಟೂ ಇದನ್ನು ತಾನಾಗೇ ಹೇಳುವುದಿಲ್ಲ. ನಿಯಮ ಓದಬೇಕು. ಇಲ್ಲಿ ನಮ್ಮ ರೆಡ್ಸ್ ತಂಡದ ಎಲಿ ಡಿ ಲಾ ಕ್ರೂಸ್ 2024ರಲ್ಲಿ 67 ಬೇಸ್ ಕದ್ದರು. ಅದೇ ವರ್ಷ 218 ಸ್ಟ್ರೈಕ್‌ಔಟ್ ಕೂಡ, ಎರಡರಲ್ಲೂ ಲೀಗ್‌ಗೇ ಮೊದಲು. ಮೊದಲ ಬೇಸ್‌ನಲ್ಲಿ ಅವರು ನಿಂತರೆ ಸಾಕು, ಸ್ಟೇಡಿಯಂ ಪೂರ್ತಿ ಎದ್ದು ನಿಲ್ಲುತ್ತದೆ.

ಪಿಚರ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಇಆರ್‌ಎ ನಿಮಗೆ ಪಾಯಿಂಟ್ ಕೊಡುತ್ತದೆ, ಆದರೆ ಅದರಲ್ಲಿ ಫೀಲ್ಡರ್‌ಗಳ ಪಾಲೂ ಇದೆ. ಚೆಂಡು ಒಮ್ಮೆ ಆಟಕ್ಕೆ ಬಿದ್ದ ಮೇಲೆ ಅದು ಹಿಟ್ ಆಗುತ್ತೋ ಇಲ್ಲವೋ ಅನ್ನುವುದರ ಮೇಲೆ ಪಿಚರ್‌ಗೆ ನಾವು ಅಂದುಕೊಂಡಷ್ಟು ಹಿಡಿತ ಇಲ್ಲ ಅಂತ ಬೇಸ್‌ಬಾಲ್ ಅಂಕಿಗಳ ವಿಶ್ಲೇಷಕ ವೊರೊಸ್ ಮೆಕ್‌ಕ್ರಾಕೆನ್ ತೋರಿಸಿಕೊಟ್ಟರು. ಹಾಗಾಗಿ ಸ್ಟ್ರೈಕ್‌ಔಟ್, ವಾಕ್, ಹೋಮ್ ರನ್ ಇವನ್ನೇ ಮುಖ್ಯವಾಗಿ ಇಟ್ಟುಕೊಂಡು ಫಿಪ್ ಅನ್ನುವ ಅಂಕಿ ಹುಟ್ಟಿತು. ಇಆರ್‌ಎ ಜಾಸ್ತಿ, ಫಿಪ್ ಕಡಿಮೆ ಇರುವ ಪಿಚರ್ ಸಿಕ್ಕರೆ ಕೊಳ್ಳಿ. ಸೇವ್ ವಿಭಾಗದಲ್ಲಿ ಮಾತ್ರ ಯಾವ ಟೂಲ್ ಕೂಡ ಕೈ ಹಿಡಿಯುವುದಿಲ್ಲ. ಒಂಬತ್ತನೇ ಇನ್ನಿಂಗ್‌ನಲ್ಲಿ ಮ್ಯಾನೇಜರ್ ಯಾರ ಕೈಗೆ ಚೆಂಡು ಕೊಡುತ್ತಾರೆ ಅನ್ನುವುದು ಅವರ ಮನಸ್ಸಿನಲ್ಲಿರುವ ವಿಷಯ. ಅದಕ್ಕೆ ಪಂದ್ಯ ನೋಡಬೇಕು, ಊರಿನ ಪತ್ರಿಕೆ ಓದಬೇಕು.

ಈಗ ಶೀಟ್‌ನ ಕೊನೆಯ ಕಾಲಮ್. ಜುಲೈ ನಂತರ ನಾನು ಹೆಚ್ಚು ಹೊತ್ತು ಕಳೆಯುವುದು ಇಲ್ಲೇ. ಕದ್ದ ಬೇಸ್‌ನಲ್ಲಿ ನಿಮ್ಮದು 120 ಅಂದುಕೊಳ್ಳಿ. ಮೇಲಿನ ತಂಡ 150, ಕೆಳಗಿನದು 90. ಇನ್ನು ಹತ್ತು ಬೇಸ್ ಕದ್ದರೂ ಒಂದೇ ಒಂದು ಪಾಯಿಂಟ್ ಬರುವುದಿಲ್ಲ, ಹತ್ತು ಕಳೆದುಕೊಂಡರೂ ಹೋಗುವುದಿಲ್ಲ. ಆದರೆ ಹೋಮ್ ರನ್‌ನಲ್ಲಿ ನಿಮ್ಮ ಮೇಲೆ ಮೂರು ತಂಡ ನಾಲ್ಕು ಹೋಮ್ ರನ್ ಅಂತರದಲ್ಲೇ ಇದ್ದರೆ? ಐದು ಹೋಮ್ ರನ್‌ಗೆ ಮೂರು ಪಾಯಿಂಟ್. ಆಗ ಬೇಸ್ ಕದಿಯುವವನನ್ನು ಕೊಟ್ಟು ಹೋಮ್ ರನ್ ಹೊಡೆಯುವವನನ್ನು ತಗೊಳ್ಳಬೇಕು, ಹೆಸರಿನಲ್ಲಿ ಅವನು ಚಿಕ್ಕವನೇ ಆದರೂ. ಒಳ್ಳೆಯ ಆಟಗಾರ ಯಾರು ಅನ್ನುವ ಪ್ರಶ್ನೆ ಇಲ್ಲಿಗೆ ಬರುವಷ್ಟರಲ್ಲಿ ನಿಂತುಹೋಗಿರುತ್ತದೆ. ನನ್ನ ತಂಡಕ್ಕೆ, ಈ ವಾರ, ಯಾರು ಬೇಕು ಅನ್ನುವುದೊಂದೇ ಉಳಿದಿರುತ್ತದೆ.

ಇದೆಲ್ಲಾ ಮಾಡಲಿಕ್ಕೆ ಎಷ್ಟು ಖರ್ಚು ಅಂತ ಕೇಳಬಹುದು. ಬೇಕಾದ್ದು ಹೆಚ್ಚುಕಡಿಮೆ ಎಲ್ಲಾ ಉಚಿತ. ಸವಂತ್‌ನಿಂದ ಒಂದೊಂದು ಪಿಚ್‌ನ ವಿವರವನ್ನೂ ಇಳಿಸಿಕೊಳ್ಳಬಹುದು. ಪೈಥಾನ್ ಪ್ರೋಗ್ರಾಮಿಂಗ್ ಬಂದರೆ ಪೈಬೇಸ್‌ಬಾಲ್ ಅನ್ನುವ ಲೈಬ್ರರಿ ಇದೆ, ಎರಡು ಸಾಲು ಬರೆದರೆ ಟೇಬಲ್ ಕಣ್ಣ ಮುಂದೆ. 1989ರಲ್ಲಿ ಶುರುವಾದ ರೆಟ್ರೊಶೀಟ್‌ನಲ್ಲಿ ಹಳೆಯ ಪಂದ್ಯಗಳ ವಿವರಗಳನ್ನು ಸ್ವಯಂಸೇವಕರು ಕೂತು ಒಂದೊಂದಾಗಿ ಸೇರಿಸಿಟ್ಟಿದ್ದಾರೆ. ಅಂಕಿಗಳು ಯಾರ ಸ್ವತ್ತು ಅನ್ನುವುದು ಒಮ್ಮೆ ಕೋರ್ಟ್‌ಗೂ ಹೋಗಿತ್ತು. ಫ್ಯಾಂಟಸಿ ಆಟ ನಡೆಸುವವರು ಆಟಗಾರರ ಹೆಸರು, ಅಂಕಿಗಳನ್ನು ಲೈಸೆನ್ಸ್ ಇಲ್ಲದೇ ಬಳಸಬಹುದು ಅಂತ 2007ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ನನಗೆ ಆ ತೀರ್ಪಿನ ಮೇಲೆ ತುಂಬಾ ಗೌರವ ಇದೆ. ಮೈದಾನದಲ್ಲಿ ಎಲ್ಲರ ಕಣ್ಣ ಮುಂದೆ ನಡೆದದ್ದು ಎಲ್ಲರದ್ದೂ ಹೌದು.

ಹೊಸಬರು ಎಲ್ಲಿಂದ ಶುರು ಮಾಡಬೇಕು? ಮಾರ್ಸೆಲ್‌ನಿಂದ. ಟಾಮ್ ಟ್ಯಾಂಗೊ ಮಾಡಿದ ಮುನ್ಸೂಚನೆಯ ಲೆಕ್ಕ ಇದು. ಕೋತಿಗೂ ಬರುವಷ್ಟು ಸರಳ ಅಂತ ಕೋತಿಯ ಹೆಸರನ್ನೇ ಇಟ್ಟರು. ಹೋದ ವರ್ಷಕ್ಕೆ 5, ಅದರ ಹಿಂದಿನದಕ್ಕೆ 4, ಅದಕ್ಕೂ ಹಿಂದಿನದಕ್ಕೆ 3 ತೂಕ. ಹೋಮ್ ರನ್ 30, 20, 25 ಇದ್ದರೆ 150, 80, 75. ಕೂಡಿದರೆ 305, ಹನ್ನೆರಡರಿಂದ ಭಾಗಿಸಿದರೆ 25ರ ಮೇಲೆ ಸ್ವಲ್ಪ. ಆಮೇಲೆ ಅದನ್ನು ಲೀಗ್ ಸರಾಸರಿ ಕಡೆಗೆ ಒಂಚೂರು ಎಳೆದು, ವಯಸ್ಸಿಗೆ ತಕ್ಕ ಹಾಗೆ ಹೆಚ್ಚು ಕಡಿಮೆ ಮಾಡುತ್ತಾರೆ. ಸ್ಟೀಮರ್, ಜಿಪ್ಸ್ ಥರದ ದೊಡ್ಡ ಮುನ್ಸೂಚನೆಗಳು ಫ್ಯಾನ್‌ಗ್ರಾಫ್ಸ್ ಸೈಟ್‌ನಲ್ಲಿ ಸಿದ್ಧವಾಗಿ ಸಿಗುತ್ತವೆ, ನಿಜ. ಆದರೂ ಒಮ್ಮೆ ಮಾರ್ಸೆಲ್ ಅನ್ನು ನೀವೇ ಕೈಯಾರೆ ಮಾಡಿ. ಅವು ಒಳಗೆ ಏನು ಮಾಡುತ್ತಿವೆ ಅಂತ ಆಗ ಗೊತ್ತಾಗುತ್ತದೆ.

ಬೇಸ್‌ಬಾಲ್ ಬೇಡ, ನನಗೆ ಕ್ರಿಕೆಟ್ಟೇ ಸಾಕು ಅನ್ನುವವರು ಕ್ರಿಕ್‌ಶೀಟ್ ಅನ್ನುವ ಸೈಟ್ ನೋಡಿ. ಚೆಂಡಿನಿಂದ ಚೆಂಡಿಗೆ ವಿವರ, ಅದೂ ಉಚಿತ. ಐಪಿಎಲ್ ಫೈಲ್ ಇಳಿಸಿಕೊಳ್ಳಿ, ಚಿನ್ನಸ್ವಾಮಿಯ ರನ್ ಬೇರೆ, ಉಳಿದ ಮೈದಾನಗಳ ರನ್ ಬೇರೆ ಮಾಡಿ ಹೋಲಿಸಿ. ಪಾರ್ಕ್ ಫ್ಯಾಕ್ಟರ್ ಲೆಕ್ಕ ಅಲ್ಲಿಂದಲೇ ಶುರುವಾಗುತ್ತದೆ. ಮುಂದಿನ ವಿಡಿಯೊದಲ್ಲಿ ಅದನ್ನೇ ಒಂದೊಂದು ಹೆಜ್ಜೆಯಾಗಿ ಮಾಡಿ ತೋರಿಸುತ್ತೇನೆ, ಲ್ಯಾಪ್‌ಟಾಪ್ ಜೊತೆಗಿಟ್ಟುಕೊಂಡು ಕೂತುಕೊಳ್ಳಿ.